ಸೋತಾಗ ಕಟ್ಟುವ ಫ್ಲೆಕ್ಸು

ಗೆದ್ದ ಟೀಮಿಗೆ ಜೈ ಅನ್ನುವುದಕ್ಕೆ ಏನು ಬೇಕು ಹೇಳಿ? ಒಂದು ಬಾಯಿದ್ದರೆ ಸಾಕು. ಹುಣಸೂರಿನಲ್ಲಿ ಬಾಯಿಗಂತೂ ಬರವಿಲ್ಲ. ಆದರೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ರೇಣುಕಾಪ್ರಸಾದನ ವಿಷಯ ಬೇರೆ. ಅವನು ನಲವತ್ತು ವರ್ಷದಿಂದ ಜೈ ಅನ್ನುತ್ತ ಬಂದಿರುವುದು ಇಂಗ್ಲೆಂಡಿನ ಮಾರ್ಬಿ ಟೌನ್ ಎಂಬ ಫುಟ್‌ಬಾಲ್ ಕ್ಲಬ್ಬಿಗೆ. ಹೆಸರು ಕೇಳಿಲ್ಲ ತಾನೆ? ಕೇಳಿರುವುದಿಲ್ಲ ಬಿಡಿ. ಇಂಗ್ಲೆಂಡಿನಲ್ಲೇ ಅರ್ಧ ಜನ ಕೇಳಿಲ್ಲ. ಆ ಊರು ಹುಣಸೂರಿಗಿಂತ ಚಿಕ್ಕದು. ಕ್ಲಬ್ಬು ನಾಲ್ಕನೇ ದರ್ಜೆಯದು, ಪಟ್ಟಿಯನ್ನು ಕೆಳಗಿನಿಂದ ಎಣಿಸಿದರೆ ಬೇಗ ಸಿಗುತ್ತಿತ್ತು. ನಲವತ್ತು ವರ್ಷದಲ್ಲಿ ಒಂದು ಕಪ್ಪನ್ನೂ ಗೆದ್ದಿಲ್ಲ. ಅದರ ಆಟವನ್ನು ಮೈದಾನದಲ್ಲಿ ಕೂತು ನೋಡುವ ಮಾತು ಹಾಗಿರಲಿ, ರೇಣುಕಾಪ್ರಸಾದ ಬೆಂಗಳೂರಿಗೆ ಹೋಗಿದ್ದೇ ಐದಾರು ಸಲ.

ಇದೆಲ್ಲ ಶುರುವಾಗಿದ್ದು ಒಂದು ಅಂಗಿಯಿಂದ. ೧೯೮೫ರಲ್ಲಿ ಅವನಿಗೆ ಹತ್ತು ವರ್ಷ. ಅವನ ಅಪ್ಪ ಷಣ್ಮುಖಪ್ಪ ಪಿರಿಯಾಪಟ್ಟಣದ ಸಂತೆಗೆ ಹೋಗಿದ್ದಾಗ, ಬೈಲಕುಪ್ಪೆಯ ಟಿಬೆಟನ್ ಒಬ್ಬರು ಹರವಿಕೊಂಡಿದ್ದ ಹಳೇ ಫಾರಿನ್ ಬಟ್ಟೆಗಳ ರಾಶಿಯಿಂದ ಮಗನಿಗೆಂದು ಕಪ್ಪು ಬಿಳಿ ಪಟ್ಟೆಯ ದಪ್ಪನೆ ಅಂಗಿಯೊಂದನ್ನು ಆರಿಸಿ ತಂದ. ಎದೆಯ ಮೇಲೆ ಕೊಕ್ಕರೆಯಂಥ ಹಕ್ಕಿ, ಅದರ ಕೆಳಗೆ ಕ್ಲಬ್ಬಿನ ಹೆಸರು. ಸ್ಕೂಲಿನಲ್ಲಿ ಹುಡುಗರು ‘ಜೈಲಂಗಿ, ಜೈಲಂಗಿ’ ಎಂದು ಮಂಗಳಾರತಿ ಎತ್ತಿದರು. ಬೇರೆ ಹುಡುಗನಾಗಿದ್ದರೆ ಅಂಗಿಯನ್ನು ಬಚ್ಚಲೊಲೆಗೆ ಹಾಕುತ್ತಿದ್ದ. ಇವನು ಮಾರನೆಯ ದಿನವೂ ಅದನ್ನೇ ತೊಟ್ಟುಕೊಂಡು ಹೋದ. ಅಷ್ಟೇ ಅಲ್ಲ, ಇಂಗ್ಲಿಷ್ ಮೇಷ್ಟ್ರ ಕೈಯಲ್ಲಿ ಒಂದು ಕಾಗದ ಬರೆಸಿ, ಕ್ಲಬ್ಬಿನ ಹೆಸರು ಮತ್ತು ಇಂಗ್ಲೆಂಡ್ ಎಂದಷ್ಟೇ ವಿಳಾಸ ಹಾಕಿ, ಪೋಸ್ಟ್ ಡಬ್ಬಿಗೆ ಹಾಕಿಬಿಟ್ಟ.

ಐದು ತಿಂಗಳಾದ ಮೇಲೆ ಉತ್ತರ ಬಂತು ಕಣ್ರೀ! ಟೈಪು ಮಾಡಿದ ಕಾಗದ, ಕೆಳಗೆ ಕಾರ್ಯದರ್ಶಿಯ ಸಹಿ. ‘ಡಿಯರ್ ಮಿಸ್ಟರ್ ಪ್ರಸಾದ್, ಇಷ್ಟು ದೂರದಲ್ಲಿ ನಮಗೊಬ್ಬ ಗೆಳೆಯನಿದ್ದಾನೆಂದು ಗೊತ್ತಿರಲಿಲ್ಲ. ಈ ವರ್ಷ ನಾವು ಚೆನ್ನಾಗಿ ಆಡುತ್ತಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ’ ಎಂದು ಅದರಲ್ಲಿತ್ತು. ಹುಟ್ಟಿದಾಗಿನಿಂದ ಲೋ, ಬಾರ್‍ಲಾ, ಹೋಗ್ಲಾ ಎಂದೇ ಕರೆಸಿಕೊಂಡಿದ್ದ ಹುಡುಗನಿಗೆ ಮಿಸ್ಟರ್! ಮೇಲಿಂದ ದಯವಿಟ್ಟು ಬೇರೆ! ಅಲ್ಲಿಗೆ ಮುಗಿಯಿತು. ಆ ಕ್ಲಬ್ಬು ಅವನದಾಯಿತು, ಅವನು ಆ ಕ್ಲಬ್ಬಿನವನಾದ.

ಮೊದಲು ರೇಡಿಯೊದ ಗೊರಗೊರ ಸದ್ದಿನ ನಡುವೆ ಫಲಿತಾಂಶ ಕೇಳುತ್ತಿದ್ದ. ಆಮೇಲೆ ಸೈಬರ್ ಸೆಂಟರು ಬಂತು, ಆಮೇಲೆ ಕೈಯಲ್ಲೇ ಫೋನು ಬಂತು. ಈಗ ಕ್ಲಬ್ಬಿನವರೇ ಫೋನಿನಲ್ಲಿ ಕಾಮೆಂಟರಿ ಕೊಡುತ್ತಾರೆ. ಶನಿವಾರ ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಒಂದು ಕಿವಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡು, ಸುಟ್ಟ ಮೋಟಾರಿನ ಹಳೇ ತಾಮ್ರದ ತಂತಿ ಕೀಳುತ್ತ ಕೂರುತ್ತಾನೆ. ಸಿಟ್ಟು ಬಂದಷ್ಟೂ ತಂತಿ ಬೇಗ ಬರುತ್ತದೆ. ಮಾರ್ಬಿಯ ಕೃಪೆಯಿಂದ ಅವನ ಅಂಗಡಿಯಲ್ಲಿ ಶನಿವಾರ ಒಳ್ಳೇ ಕೆಲಸ ಆಗುತ್ತದೆ.

ಹೆಂಡತಿ ಉಷಾರಾಣಿ ಕೆ.ಆರ್.ನಗರದವಳು, ಅಂಗನವಾಡಿ ಟೀಚರು. ಮದುವೆಯಾಗಿ ಇಪ್ಪತ್ತಾರು ವರ್ಷ, ಮಕ್ಕಳಾಗಲಿಲ್ಲ. ಮೈಸೂರಿನ ದೊಡ್ಡ ಆಸ್ಪತ್ರೆಗಳಿಗೆಲ್ಲ ಅಲೆದು ಸಾಕಾಗಿ, ಒಂದು ದಿನ ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದರು. ಮನೆ ಸಮಾಧಾನದ ಮನೆಯೇ. ಶನಿವಾರ ಅವನು ಮುಖ ಊದಿಸಿಕೊಂಡು ಬಂದರೆ ಅವಳು, “ಏನಂತೆ ಕೊಕ್ಕರೆ ಸಮಾಚಾರ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ತಟ್ಟೆ ಹಾಕುತ್ತಿದ್ದಳು.

ಊರಿನ ಹುಡುಗರದ್ದು ಬೇರೆಯೇ ಕಥೆ. ಎದುರುಗಡೆ ಮೊಬೈಲ್ ಅಂಗಡಿಯ ಯತೀಶ ಮತ್ತು ಅವನ ಗ್ಯಾಂಗು ಪ್ರತಿ ಎರಡು ವರ್ಷಕ್ಕೊಂದು ಟೀಮು ಬದಲಾಯಿಸುವವರು. ಯಾರು ಗೆಲ್ಲುತ್ತಾರೋ ಅವರ ಜರ್ಸಿ. ಹೋದ ವರ್ಷ ಅವರ ಆಗಿನ ಟೀಮು ಕಪ್ಪು ಗೆದ್ದಾಗ ಬಸ್‌ಸ್ಟ್ಯಾಂಡ್ ಎದುರು ಫ್ಲೆಕ್ಸು ಕಟ್ಟಿಸಿದರು. ಆಟಗಾರರ ಮುಖಕ್ಕಿಂತ ಇವರ ಮುಖಗಳೇ ದೊಡ್ಡವು, ಎಲ್ಲರಿಗೂ ಕೂಲಿಂಗ್ ಗ್ಲಾಸು.

“ಪ್ರಸಾದಣ್ಣ, ನಿಮ್ ಟೀಮಿಗೆ ಯಾವಾಗಣ್ಣ ಫ್ಲೆಕ್ಸು?” ಎಂದು ಯತೀಶ ಆವತ್ತು ಟೀ ಅಂಗಡಿಯಲ್ಲಿ ಹತ್ತು ಜನರ ಮುಂದೆ ಹಲ್ಲು ಕಿರಿದ.

ರೇಣುಕಾಪ್ರಸಾದನಿಗೆ ರೇಗಿಹೋಯಿತು. “ಗೆದ್ದಾಗ ಎಲ್ಲಾರೂವೆ ಕಟ್ತಾರೆ ಕಣ್ಲಾ. ಅದ್ರಲ್ಲಿ ಏನದೆ ದೊಡ್ಡಸ್ತಿಕೆ? ನಾನು ಸೋತಾಗ ಕಟ್ತೀನಿ. ನಿಮ್ದುಕ್ಕಿಂತ ದೊಡ್ಡದು. ನೋಡ್ತಾ ಇರು!”

ಹೇಳಿದ ಮಾತು ಒಂದೇ ವರ್ಷದಲ್ಲಿ ಎದುರಿಗೆ ಬಂದು ನಿಂತಿತು. ಈ ಮೇ ತಿಂಗಳ ಮೊದಲ ಶನಿವಾರ ಮಾರ್ಬಿ ಕೊನೆಯ ಆಟವನ್ನೂ ಸೋತು, ಲೀಗಿನಿಂದಲೇ ಹೊರಗೆ ಬಿತ್ತು. ನೂರಾ ಎಂಟು ವರ್ಷದಲ್ಲಿ ಮೊದಲ ಸಲ. ಕಾಮೆಂಟರಿ ಹೇಳುತ್ತಿದ್ದ ಮುದುಕ ಮೈಕಿನ ಮುಂದೆಯೇ ಅತ್ತುಬಿಟ್ಟ. ಇಲ್ಲಿ ರೇಣುಕಾಪ್ರಸಾದನೂ ಅತ್ತ. ಸುಳ್ಳೇಕೆ, ಐವತ್ತು ವರ್ಷದ ಗಂಡಸು ಮೋಟಾರುಗಳ ಮಧ್ಯೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಅಷ್ಟರಲ್ಲಿ ಹುಡುಗರ ಫೋನು ಒಂದರ ಹಿಂದೊಂದು ಬರತೊಡಗಿದವು. ನಗೆಯಾಡಲಿಕ್ಕೇ ಎಂದು ಗೊತ್ತಿತ್ತು. ಫೋನ್ ಸ್ವಿಚಾಫ್ ಮಾಡಿ ಡ್ರಾಯರಿಗೆ ಎಸೆದ. ಉಷಾರಾಣಿ ತವರಿಗೆ, ತಮ್ಮನ ಮಗಳ ನಾಮಕರಣಕ್ಕೆಂದು ಹೋಗಿದ್ದಳು, ಸೋಮವಾರ ಬರುವವಳಿದ್ದಳು. ಅವಳು ಫೋನ್ ಮಾಡಬಹುದು ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಭಾನುವಾರ ಎದ್ದಾಗ ದುಃಖ ಹೋಗಿ ಹಟ ಬಂದಿತ್ತು. ಫ್ಲೆಕ್ಸು ಕಟ್ಟಿಸಲೇಬೇಕು. ಆದರೆ ಬೇಸಗೆ, ಕರೆಂಟು ಕಣ್ಣಾಮುಚ್ಚಾಲೆ ಆಡುವ ಕಾಲ. ಸುತ್ತಮುತ್ತ ಮೋಟಾರುಗಳು ಸುಟ್ಟು, ರೈತರು ಅಂಗಡಿ ಮುಂದೆ ಸಾಲಾಗಿ ನಿಂತಿದ್ದರು. ಎಚ್.ಡಿ.ಕೋಟೆ ಕಡೆಯ ದೇವಯ್ಯ ರಿಪೇರಿಯಾದ ಮೋಟಾರು ಹೊತ್ತುಕೊಂಡು ಬಸ್ಸಿಗೆ ಹೊರಟಿದ್ದ. ಅವನ ಕೈಗೆ ರೇಣುಕಾಪ್ರಸಾದ ಒಂದು ಚೀಟಿ, ತನ್ನದೊಂದು ಪಾಸ್‌ಪೋರ್ಟ್ ಸೈಜಿನ ಫೋಟೊ ಕೊಟ್ಟು, “ಬಸ್‌ಸ್ಟ್ಯಾಂಡ್ ಪಕ್ಕ ಸಾಗರನ ಫ್ಲೆಕ್ಸ್ ಅಂಗ್ಡಿಗೆ ಕೊಟ್ಬುಟ್ಟು ಓಗು” ಎಂದ. ಚೀಟಿಯಲ್ಲಿ ತನಗೆ ಬಲು ಸ್ಪಷ್ಟ ಎನ್ನಿಸಿದ ಹಾಗೆ ಬರೆದಿದ್ದ: ‘ಫೋಟೊ ದೊಡ್ಡದಾಗಿ ನಡುವೆ. ರೇಣುಕಾಪ್ರಸಾದ್. ಮಾರ್ಬಿ ಟೌನ್. ೧೯೮೫–೨೦೨೫. ಎಂದೆಂದಿಗೂ ನಿಮ್ಮೊಂದಿಗೆ. ಕಪ್ಪು ಬಿಳಿ ಬಿಟ್ಟು ಬೇರೆ ಬಣ್ಣ ಕೂಡದು. ಹತ್ತಡಿ ಎಂಟಡಿ. ಸೋಮವಾರ ಬೆಳಗಾಗುವುದರೊಳಗೆ ಬಸ್‌ಸ್ಟ್ಯಾಂಡ್ ಎದುರು.’

ಓದಿದಿರಲ್ಲ? ನಿಮಗೆ ಆಗಲೇ ಗೊತ್ತಾಗಿರಬೇಕು. ಅವನಿಗೆ ಮಾತ್ರ ಗೊತ್ತಾಗಲಿಲ್ಲ.

ಸೋಮವಾರ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಪೇಪರ್ ಹಾಕುವ ವಿರೂಪಾಕ್ಷ ಅವನನ್ನು ನೋಡಿ, ಸೈಕಲ್ ಸಮೇತ ಚರಂಡಿಗೆ ಇಳಿದ. ಏನಪ್ಪಾ ಆಯಿತು ಎಂದು ಇವನು ಕೈ ಕೊಡಲು ಹೋದರೆ, ಅವನು ಸೈಕಲ್ಲನ್ನೂ ಬಿಟ್ಟು ಓಡಿದ. ಬೆಳಗ್ಗೆ ಬೆಳಗ್ಗೆಯೇ ಎಣ್ಣೆ ಹಾಕಿಕೊಂಡಿದ್ದಾನೆ ಎಂದುಕೊಂಡು ಇವನು ಕೆಲಸಕ್ಕೆ ಕೂತ.

ಒಂಬತ್ತು ಗಂಟೆಯ ಹೊತ್ತಿಗೆ ಉಷಾರಾಣಿ ಬಾಗಿಲಲ್ಲಿ ಬಂದು ನಿಂತಳು. ಕೂದಲು ಬಿಚ್ಚಿಹೋಗಿತ್ತು. ಒಂದು ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ.

“ಬದ್ಕಿದೀರಾ?” ಅಂದಳು.

“ಬದ್ಕಿದೀನಿ. ಯಾಕೆ?”

ಅವಳು ಕೈಯಲ್ಲಿದ್ದ ಬ್ಯಾಗನ್ನೆತ್ತಿ ಅವನ ಭುಜಕ್ಕೆ, ಬೆನ್ನಿಗೆ, ಸಿಕ್ಕಲ್ಲಿಗೆ ಬಾರಿಸಿದಳು. ತವರಿನಿಂದ ತಂದಿದ್ದ ಹಲಸಿನ ಹಪ್ಪಳವೆಲ್ಲ ಒಳಗೇ ಪುಡಿಪುಡಿಯಾಯಿತು. ಸಾಲಿನಲ್ಲಿದ್ದ ರೈತರು ಎದ್ದು ಪಕ್ಕಕ್ಕೆ ಸರಿದರು. ಹೊಡೆದು ಹೊಡೆದು ಸೋತು, ಅವಳು ನೆಲದ ಮೇಲೆ ಕೂತಳು.

“ಬಸ್ಸು ತಿರುಗ್ತಾ ಇದ್ದಂಗೆ ಕಿಟಕೀಲಿ ನಿಮ್ ಮುಖ. ಹಾರ ಹಾಕವ್ರೆ, ದೀಪ ಹಚ್ಚವ್ರೆ. ಶನಿವಾರದಿಂದ ಫೋನು ಸ್ವಿಚಾಫು. ನಾನು ಏನಂತ ತಿಳ್ಕೊಬೇಕ್ರೀ? ಅಲ್ಲಿಂದ ಇಲ್ಲೀಗಂಟ ಹೆಂಗ್ ನಡ್ಕಬಂದೆ ನಂಗೊತ್ತಿಲ್ಲ. ಬಾಗ್ಲು ಹಾಕಿರ್ತದೆ ಅಂದ್ಕಂಡೆ. ಯಾರೂ ನಂಗೆ ಹೇಳ್ನೇ ಇಲ್ವಲ್ಲಾ ಅಂದ್ಕಂಡೆ.”

ರೇಣುಕಾಪ್ರಸಾದ ಕೈಯಲ್ಲಿದ್ದ ತಂತಿಯನ್ನು ಅಲ್ಲೇ ಬಿಸಾಕಿದ. ಹೆಂಡತಿಯನ್ನು ಎಬ್ಬಿಸಿಕೊಂಡು, ಬಸ್‌ಸ್ಟ್ಯಾಂಡಿಗೆ ಓಡಿದ.

ಅಲ್ಲಿ ಹತ್ತಡಿ ಅಗಲ, ಎಂಟಡಿ ಎತ್ತರಕ್ಕೆ ಅವನು ಸತ್ತಿದ್ದ. ನಡುವೆ ಅವನ ಫೋಟೊ, ಬ್ಯಾಂಕ್ ಪಾಸ್‌ಬುಕ್ಕಿಗೆಂದು ತೆಗೆಸಿದ್ದ ಆ ಪೆಚ್ಚು ಮುಖ. ಅದಕ್ಕೊಂದು ಹಾರ, ತಲೆಯ ಹಿಂದೆ ಬೆಳಕು, ಎರಡೂ ಪಕ್ಕಕ್ಕೆ ದೀಪದ ಕಂಬ. ಮೇಲೆ ‘ಶಿವೈಕ್ಯರಾದ ಶ್ರೀ ರೇಣುಕಾಪ್ರಸಾದ್‌ರವರಿಗೆ ಭಾವಪೂರ್ಣ ಶ್ರದ್ಧಾಂಜಲಿ’. ಕೆಳಗೆ ‘೧೯೮೫–೨೦೨೫’. ಅದಕ್ಕೂ ಕೆಳಗೆ ‘ಶೋಕತಪ್ತರು: ಮಾರ್ಬಿ ಟೌನ್ ನಿವಾಸಿಗಳು’.

ಫ್ಲೆಕ್ಸ್ ಅಂಗಡಿಯ ಸಾಗರ್ ಇವನನ್ನು ಕಂಡು ಗೋಡೆಗೆ ಅಂಟಿಕೊಂಡ. “ಅಣ್ಣಾ, ಹನ್ನೊಂದು ವರ್ಷದಿಂದ ಫ್ಲೆಕ್ಸ್ ಹೊಡೀತಿದೀನಿ. ಬದುಕಿರೋರು ಒಬ್ರೂ ಕಪ್ಪು ಬಿಳೀಲಿ ಹೊಡ್ಸಿಲ್ಲ ಕಣಣ್ಣ. ಬರ್ತ್‌ಡೇಗೆ ಕೆಂಪು ಹಳದಿ, ಎಲೆಕ್ಷನ್‌ಗೆ ಎಲ್ಲಾ ಬಣ್ಣ, ಕಪ್ಪು ಬಿಳಿ ಅಂದ್ರೆ ಅದೇಯ. ನಿಮ್ಗೆ ಫೋನ್ ಮಾಡ್ದೆ, ಸ್ವಿಚಾಫು. ದೇವಯ್ಯ ಚೀಟಿ ಕೊಟ್ಟೋನೆ ಕೋಟೆ ಬಸ್ ಹತ್ಬುಟ್ಟ. ನಲವತ್ತಕ್ಕೇ ಓಗ್ಬುಟ್ರಲ್ಲಾ, ವಯಸ್ಸು ಜಾಸ್ತಿ ಕಾಣ್ತಿದ್ರು ಅಂತ ಸಂಕಟಪಟ್ಕೊಂಡೆ. ಹಾರ, ದೀಪ ಎಲ್ಲಾ ನಾನೇ ಪ್ರೀತಿಯಿಂದ ಹಾಕಿದ್ದು.”

“ಮಾರ್ಬಿ ಟೌನ್ ನಿವಾಸಿಗಳು ಯಾರ್ಲಾ?”

“ಮೈಸೂರು ರೋಡಲ್ಲಿ ಹೊಸಾ ಬಡಾವಣೆ ಏನೋ ಅಂದ್ಕಂಡೆ.”

ನಗಬೇಕೋ ಅಳಬೇಕೋ ತಿಳಿಯದೆ ನಿಂತಿರುವಾಗಲೇ ಪಿರಿಯಾಪಟ್ಟಣದ ಕಡೆಯಿಂದ ಜೀಪೊಂದು ಬಂದು ನಿಂತಿತು. ಯಾರೋ ಪುಣ್ಯಾತ್ಮರು ಫ್ಲೆಕ್ಸಿನ ಫೋಟೊ ವಾಟ್ಸಾಪಿಗೆ ಹಾಕಿದ್ದರು. ಜೀಪಿನಿಂದ ಇಳಿದವರು ರೇಣುಕಾಪ್ರಸಾದನ ದೊಡ್ಡಪ್ಪ ವೀರಭದ್ರಸ್ವಾಮಿ. ಎಂಬತ್ತರ ಹತ್ತಿರದ, ಬೆನ್ನು ಬಾಗದ ಮುದುಕರು. ಅವರು ಎರಡು ಮಾತಾಡಿದರೆ ಕುಟುಂಬದಲ್ಲಿ ಮೂರನೆಯದನ್ನು ಯಾರೂ ಆಡುತ್ತಿರಲಿಲ್ಲ. ಕೈಯಲ್ಲಿ ಗುಲಾಬಿಯ ದೊಡ್ಡ ಹಾರ. ತಮ್ಮನ ಮಗ ಬದುಕಿರುವುದನ್ನು ಕಂಡದ್ದೇ ತಡ, ಅವರ ಕಣ್ಣಲ್ಲಿ ನೀರು ತುಂಬಿತು. ಮರುಗಳಿಗೆಯೇ ಸಿಟ್ಟು ನೆತ್ತಿಗೇರಿತು. ಹಾರವನ್ನು ಮಾತ್ರ ಏನು ಮಾಡಬೇಕೋ ತಿಳಿಯದೆ ಹಿಡಿದುಕೊಂಡೇ ನಿಂತರು.

ವಿಷಯವೆಲ್ಲ ತಿಳಿದ ಮೇಲೆ ಅವರು ಹೇಳಿದರು: “ಬದ್ಕಿರೋನ ಫೋಟಕ್ಕೆ ಹಾರ ಬಿದ್ದದೆ. ಇದು ಒಳ್ಳೇದಲ್ಲ ಕಣೋ. ಇದ್ನ ಈಗ್ಲೇ ಇಳ್ಸು. ಅಷ್ಟಕ್ಕೇ ಸಾಲ್ದು. ಯಾವನೋ ಕಾಣದ್ ದೇಶದೋನು ಚೆಂಡು ಒದ್ರೆ ಇಲ್ಲಿ ನಮ್ಮನೆ ಹೆಣ್ಣುಮಗಳು ಬರೀಗಾಲಲ್ಲಿ ಬೀದೀಲಿ ಓಡ್ಬೇಕಾ? ಇಷ್ಟಲಿಂಗ ಮುಟ್ಟಿ ಆಣೆ ಮಾಡು. ಇನ್ನು ಆ ಕ್ಲಬ್ಬಿನ ಹೆಸ್ರು ಎತ್ತಕಿಲ್ಲ, ಬುಟ್ಟೆ ಅಂತ. ಇಲ್ಲೇ, ಎಲ್ಲಾರ ಮುಂದೆ.”

ಸುತ್ತ ನೂರು ಜನ ಸೇರಿದ್ದರು. ರೇಣುಕಾಪ್ರಸಾದ ಹೆಂಡತಿಯ ಕಡೆ ನೋಡಿದ. ಅವಳಾದರೂ ಬೇಡ ಅನ್ನುತ್ತಾಳೇನೋ ಎಂದು.

“ಮಾಡಿ,” ಅಂದಳು ಉಷಾರಾಣಿ. “ಇಪ್ಪತ್ತಾರು ವರ್ಷದಲ್ಲಿ ನಾನು ನಿಮ್ಮನ್ನ ಏನೂ ಕೇಳಿಲ್ಲ. ಇದೊಂದು ಕೇಳ್ತಿದೀನಿ. ಆ ಹತ್ತು ನಿಮಿಷ ನಾನು ಏನಾದೆ ಅಂತ ನಿಮ್ಗೆ ಗೊತ್ತಿಲ್ಲ. ಮಾಡಿ. ಇಲ್ಲಾಂದ್ರೆ ಅಗೋ, ಬಂದ ಬಸ್ಸು ಅಲ್ಲೇ ನಿಂತದೆ. ಅದ್ರಲ್ಲೇ ವಾಪಸ್ ಹೋಯ್ತೀನಿ. ನಾನು ಸುಮ್ನೆ ಹೇಳೋಳಲ್ಲ.”

ಅವಳು ಸುಮ್ಮನೆ ಹೇಳುವವಳಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕೆ.ಆರ್.ನಗರದ ಬಸ್ಸಿನ ಇಂಜಿನ್ನು ಆಗಲೇ ಗುರ್ ಎನ್ನುತ್ತಿತ್ತು. ಅವಳ ಬರಿಗಾಲು ನೋಡಿದ. ಹೆಬ್ಬೆರಳು ಎಡವಿ ರಕ್ತ ಬಂದಿತ್ತು. ಅವನಿಗೆ ನಾಚಿಕೆಯಾಯಿತು. ಒಂದು ಮಾತು ತಾನೆ? ಅಂದುಬಿಟ್ಟರೆ ಮನೆ ಉಳಿಯುತ್ತದೆ. ಕೊರಳಿನ ಲಿಂಗವನ್ನು ಹೊರತೆಗೆಯಲು ಕೈ ಅಂಗಿಯ ಗುಂಡಿಯವರೆಗೆ ಹೋಯಿತು.

ಆಗ ಯತೀಶ ಬಾಯಿ ಹಾಕಿದ. ಅವನಿಗೆ ಒಳ್ಳೆಯದನ್ನೇ ಹೇಳುವ ಮನಸ್ಸಿತ್ತು ಅನ್ನಿ. “ಮಾಡ್ಬುಡಣ್ಣ. ಅದು ಮುಗ್ದೋದ್ ಕ್ಲಬ್ಬು. ಇನ್ನು ಅದ್ರ ಹೆಸ್ರು ಯಾರ್ ಹೇಳ್ತಾರೆ? ನಮ್ ಕಡೆ ಬಂದ್ಬುಡು. ಜರ್ಸಿ ನಾನೇ ಕೊಡುಸ್ತೀನಿ.”

ರೇಣುಕಾಪ್ರಸಾದನ ಕೈ ಕೆಳಗಿಳಿಯಿತು.

“ಮಾಡಕಿಲ್ಲ,” ಅಂದ.

ಜನ ಗುಜುಗುಜು ಎಂದರು. ಅವನು ದನಿ ಎತ್ತಿದ. “ಮಾಡಕಿಲ್ಲ ಕಣ್ರಯ್ಯ! ಗೆಲ್ತದೆ ಅಂತ ಹಿಡ್ಕಂಡಿದ್ರೆ ನಾನು ಹತ್ತನೇ ವಯಸ್ಸಿಗೇ ಬುಟ್ಬುಡ್ತಿದ್ದೆ. ಗೆದ್ದಿಲ್ಲ, ಗೆಲ್ಲಾದೂ ಇಲ್ಲ, ಗೊತ್ತು ನಂಗೆ. ಮೊನ್ನೆ ಬಿದ್ದದೆ. ಅಲ್ಲಿ ಆ ಊರಲ್ಲಿ ಮುದುಕ್ರು ಅಳ್ತಾ ಕೂತವ್ರೆ. ಇವತ್ತೇ ನಾನು ಅವ್ರ ಕಡೇವ್ನಲ್ಲ ಅನ್ಬೇಕಾ? ನೆನ್ನೆ ಗಂಟ ನಂದು, ಬಿದ್ ತಕ್ಷಣ ನಂದಲ್ವಾ?” ಆಮೇಲೆ ಹೆಂಡತಿಯ ಕಡೆ ತಿರುಗಿದ. “ಉಷಾ, ಫೋನ್ ಆಫ್ ಮಾಡಿದ್ದು ನನ್ ತಪ್ಪು. ಕಾಲಿಗ್ ಬೀಳು ಅಂದ್ರೆ ಇಲ್ಲೇ ಬೀಳ್ತೀನಿ. ಫ್ಲೆಕ್ಸು ಇಳ್ಸು, ಇಳುಸ್ತೀನಿ. ಆದ್ರೆ ಬುಟ್ಟೆ ಅನ್ನು ಅಂದ್ರೆ ಬಾಯಿ ಬರಕಿಲ್ಲ ನಂಗೆ. ಏನ್ ಮಾಡ್ಲಿ? ಬಾಯೇ ಬರಕಿಲ್ಲ.”

ಉಷಾರಾಣಿ ಬ್ಯಾಗನ್ನು ಹೆಗಲಿಗೇರಿಸಿದಳು. ಬಸ್ಸಿನ ಕಡೆಗೆ ಎರಡು ಹೆಜ್ಜೆ ಇಟ್ಟೂಬಿಟ್ಟಳು.

“ನೋಡಿದ್ರೇನ್ರಯ್ಯ!” ವೀರಭದ್ರಸ್ವಾಮಿಯವರು ಹಾರ ಹಿಡಿದ ಕೈಯನ್ನೇ ಜನರ ಮುಂದೆ ಬೀಸಿದರು. “ಇವ್ನು ಯಾವತ್ತೂ ಇಂಗೇಯ. ಬುಡು ಅಂದಿದ್ರಲ್ಲಿ ಒಂದನ್ನಾದ್ರೂ ಬುಟ್ಟವ್ನಾ ಜನ್ಮದಲ್ಲಿ? ಹದಿನೇಳು ವರ್ಷ ಆಯ್ತು, ಇದೇ ನಾನು, ನಮ್ ಹಟ್ಟೀಲಿ ಕೂರುಸ್ಕಂಡು, ಬೆಳಗಿಂದ ಸಂಜೆಗಂಟ ಹೇಳ್ದೆ. ಮಕ್ಕಳಾಗ್ನಿಲ್ಲ, ಅವಳ್ನ ತವರ್ಗೆ ಕಳ್ಸು, ನಮ್ ಕಡೇಲೆ ಇನ್ನೊಂದು ಹೆಣ್ಣದೆ, ಇವಳ್ನ ಬುಡು ಅಂತ…”

ಅಲ್ಲಿಗೆ ಅವರಿಗೇ ತಾವೇನು ಹೇಳುತ್ತಿದ್ದೇವೆಂದು ಗೊತ್ತಾಗಿ ಮಾತು ನಿಂತುಹೋಯಿತು. ಉಷಾರಾಣಿಯೂ ನಿಂತಳು. ಅವಳಿಗೆ ಇದು ಗೊತ್ತಿರಲಿಲ್ಲ. ಹದಿನೇಳು ವರ್ಷ ಒಂದೇ ಸೂರಿನ ಕೆಳಗೆ ಉಂಡು ಮಲಗಿದ್ದರೂ ಗಂಡ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ಹಬ್ಬಕ್ಕೆ ಹೋದಾಗಲೆಲ್ಲ ಅವಳು ಈ ಮುದುಕರ ಕಾಲು ಮುಟ್ಟಿ ನಮಸ್ಕಾರ ಮಾಡಿ ಬರುತ್ತಿದ್ದಳು. ರೇಣುಕಾಪ್ರಸಾದ ನೆಲ ನೋಡುತ್ತ, “ಅದ್ಯಾಕೀಗ ದೊಡ್ಡಪ್ಪ?” ಎಂದು ಗೊಣಗಿದ.

ಅವಳು ತಿರುಗಿ ಬಂದು ಮುದುಕರ ಮುಂದೆ ನಿಂತಳು. “ಆವತ್ತು ಏನಂದ್ರು ಇವ್ರು?”

ವೀರಭದ್ರಸ್ವಾಮಿಯವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಇದ್ನೇ ಅಂದ ಕಣವ್ವ,” ಅಂದರು ಮೆಲ್ಲಗೆ. “ಬಾಯಿ ಬರಕಿಲ್ಲ ಅಂದ. ಎದ್ದು ಹೊಂಟೋದ.”

ಕಂಡಕ್ಟರು ಸೀಟಿ ಹೊಡೆದ. ಕೆ.ಆರ್.ನಗರದ ಬಸ್ಸು ಹೊರಟುಹೋಯಿತು. ಉಷಾರಾಣಿ ಅದರ ಕಡೆ ನೋಡಲೂ ಇಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಸಾಗರನ ಕಡೆ ತಿರುಗಿದಳು.

“ಈ ಫ್ಲೆಕ್ಸು ಹಿಂದ್ಗಡೆ ಖಾಲಿ ಅಲ್ವಾ?”

“ಖಾಲಿ ಅಕ್ಕ. ಅಚ್ಚ ಬಿಳಿ.”

“ತಿರುಗ್ಸಿ ಕಟ್ಟು. ಯತೀಶ, ನಿಂತ್ಕಂಡು ಏನ್ ನೋಡ್ತೀಯಾ, ಆ ಕಡೆ ಹಗ್ಗ ಹಿಡಿ.” ಆಮೇಲೆ ಗಂಡನಿಗೆ, “ಹೋಗಿ ಅಂಗ್ಡೀಲಿರೋ ಕರೀ ವಾರ್ನಿಷ್ ಡಬ್ಬ ತನ್ನಿ. ಬ್ರಷ್ಷೂ ತನ್ನಿ.”

ಅವನು ಓಡಿ ಹೋಗಿ ತಂದ. ಅಷ್ಟರಲ್ಲಿ ಸತ್ತ ರೇಣುಕಾಪ್ರಸಾದ ಗೋಡೆಯ ಕಡೆ ಮುಖ ಮಾಡಿ ಆಗಿತ್ತು. ರಸ್ತೆಯ ಕಡೆಗೆ ಹತ್ತಡಿ ಎಂಟಡಿ ಬರೀ ಬಿಳಿ. ಸಾಗರ್ ಬಿದಿರಿನ ಏಣಿ ತಂದು ಆನಿಸಿದ. ರೇಣುಕಾಪ್ರಸಾದ ಏಣಿಗೆ ಕಾಲಿಡುತ್ತಿದ್ದಂತೆ ಉಷಾರಾಣಿ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

“ನಿಮ್ ಚೀಟಿ ಓದಿ ಏನಾಯ್ತು ಅಂತ ನೋಡಿದ್ವಲ್ಲ. ನೀವು ಬರೆಯಾದು ಬ್ಯಾಡ. ಹೇಳಿ, ಅವ್ರ ಮುಂದಿನ ಆಟ ಯಾವಾಗ?”

“ಆಗಸ್ಟಲ್ಲಿ. ಎರಡ್ನೇ ಶನಿವಾರ. ಕೆಳಗಿನ ಲೀಗಲ್ಲಿ.”

“ಕೆ‍ಳಗಿಂದೋ ಮೇಲಿಂದೋ, ಅದು ಬರೆಯಾದು ಬ್ಯಾಡ. ಮಾರ್ಬಿ ಟೌನ್ ಇನ್ನೂ ಬದ್ಕಿದೆ, ಆಗಸ್ಟ್ ಎರಡ್ನೇ ಶನಿವಾರ ಸಂಜೆ ಆಡ್ತದೆ, ಬರ್ಬೇಕಾದವ್ರು ವೈಂಡಿಂಗ್ ಅಂಗ್ಡಿಗೆ ಬನ್ನಿ. ಕೆಳಗೆ ರೇಣುಕಾಪ್ರಸಾದ್, ಉಷಾರಾಣಿ. ಸಾಕಾ?”

ಅವನು ತಲೆಯಾಡಿಸಿದ.

ಅವಳು ಸೆರಗನ್ನು ಸೊಂಟಕ್ಕೆ ಬಿಗಿದಳು. ಉಳಿದಿದ್ದ ಒಂದು ಚಪ್ಪಲಿಯನ್ನೂ ಬಿಟ್ಟು, ಬ್ರಷ್ಷನ್ನು ಹಲ್ಲಲ್ಲಿ ಕಚ್ಚಿಕೊಂಡು ಮೊದಲ ಮೆಟ್ಟಿಲೇರಿದಳು. ಏಣಿ ಅಲ್ಲಾಡಿತು. ಹಿಡಿಯಲು ನಾಲ್ಕು ಜನ ಮುಂದೆ ಬಂದರು. ಅವಳು ಕೈಯಲ್ಲೇ ಅವರನ್ನೆಲ್ಲ ತಡೆದು, ಬಾಯಿಂದ ಬ್ರಷ್ಷು ತೆಗೆದು, ಜೀಪಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದ ಮುದುಕರನ್ನು ಕರೆದಳು. ವೀರಭದ್ರಸ್ವಾಮಿಯವರು ಹಾರವನ್ನು ಯತೀಶನ ಕೈಗೆ ತುರುಕಿ ಬಂದು, ಎರಡೂ ಕೈಯಲ್ಲಿ ಏಣಿಯನ್ನು ಹಿಡಿದರು.

“ಗಟ್ಟಿಯಾಗಿ ಹಿಡ್ಕಳಿ ದೊಡ್ಡಮಾವ,” ಅಂದಳು ಉಷಾರಾಣಿ ಮೇಲಿನಿಂದ. “ಬುಡಬ್ಯಾಡಿ.”